ದಮ್ಮಿನ ಬಿಡುವು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿಯ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು. ಬೇಡವೆಂದು ಒರೆಸಿಕೊಂಡರೆ ಇನ್ನೊಂದು ಕೊಡಿ.

ಈ ತಿಂಗಳ ಕೊನೆಗೆ ಪುಟ್ಟಿಯನ್ನು ಕರೆದುಕೊಂಡು ಬಂದುಬಿಡುತ್ತೇನೆ, ತವರಿನಲ್ಲಿ ಇದ್ದದ್ದು ಸಾಕು ಎಂದು ನೀವು ಬರೆದ ಕಾಗದ ಮೊನ್ನೆ ಬಂತು. ಅಣ್ಣ ಅದನ್ನು ಬಾಗಿಲಲ್ಲೇ ನಿಂತು ಓದಿದ, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟ. ಸಂಜೆ ಬಂದಾಗ ಬಾಯ್ಲರ್ ಮನೆಯ ಬೆವರಿಗೆ ಶಾಯಿ ಬಿಟ್ಟು ನಿಮ್ಮ ಅರ್ಧ ಕಾಗದ ಅವನ ಎದೆಯ ಮೇಲೆ ಅಚ್ಚಾಗಿತ್ತು. ಅಂಗಿ ಕೊಡು, ಒಗೆಯುತ್ತೇನೆ ಎಂದೆ. ಇರಲಿ ಬಿಡು ಎಂದ. ದಿನವಿಡೀ ಊರಿನ ಬಟ್ಟೆಯನ್ನೆಲ್ಲ ಒಗೆಯುವ ಲಾಂಡ್ರಿಯಲ್ಲಿ ದುಡಿಯುವ ಮನುಷ್ಯ ಕಲೆಯ ಅಂಗಿಯನ್ನು ಹಾಗೇ ಗೂಟಕ್ಕೆ ನೇತುಹಾಕಿದ.

ಅವನು ಸಿಗರೇಟು ಬಿಟ್ಟ ಸುದ್ದಿಯಿಂದಲೇ ನಿಮಗೆ ಧೈರ್ಯ ಬಂತೆಂದು ನೀವು ಬರೆದಿದ್ದೀರಿ. ಆ ಸುದ್ದಿ ಬರೆದವಳು ನಾನೇ. ಬರೆದಾಗ ಅದು ನಿಜವಾಗಿತ್ತು. ಆಮೇಲೆ ಅವನು ಮತ್ತೆ ಹಿಡಿದ. ಅದನ್ನು ಮಾತ್ರ ನಾನು ಬರೆಯಲಿಲ್ಲ. ಈಗ ಮತ್ತೆ ಬಿಟ್ಟಿದ್ದಾನೆ. ಈ ಮೂರು ಮಾತನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಇನ್ನು ಕಾಗದ ಹರಿಯುವುದಾದರೆ ಹರಿಯಿರಿ, ಆದರೆ ಪೂರ್ತಿ ಓದಿ ಹರಿಯಿರಿ. ನನಗೆ ಬಂದಿರುವ ಸಿಟ್ಟನ್ನು ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ?

ನೀವು ಮನೆ ಬಿಟ್ಟು ಹೋದದ್ದು ತಪ್ಪೆಂದು ನಾನು ಒಂದು ದಿನವೂ ಹೇಳಿಲ್ಲ. ಪುಟ್ಟಿ ಆ ದಿನ ಉಸಿರಿಗಾಗಿ ಒದ್ದಾಡಿ ತುಟಿ ನೀಲಿಯಾದಾಗ ನಾನೂ ಆಟೋದಲ್ಲಿ ನಿಮ್ಮ ಪಕ್ಕದಲ್ಲೇ ಇದ್ದೆ. ಸಿಗರೇಟು ಬೇಕೋ ಮಗಳು ಬೇಕೋ ಎಂದು ನೀವು ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣನನ್ನು ಕೇಳಿದ್ದನ್ನೂ ಕೇಳಿಸಿಕೊಂಡವಳು ನಾನು. ಒಂದು ಮಾತು ಮಾತ್ರ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಿಡು ಎನ್ನುವುದು ಬಾಯಿಗೆ ಹಗುರ. ಅದನ್ನು ದಿನವಿಡೀ ಮೈಯಲ್ಲಿ ಹೊತ್ತುಕೊಂಡು ತಿರುಗುವವನನ್ನು ಹತ್ತಿರದಿಂದ ನೋಡಿದವಳು ನಾನು.

ನಮ್ಮ ಬೀದಿಯಲ್ಲಿ ಗುಂಪು ಶುರುವಾದದ್ದನ್ನು ಹಿಂದೆ ಬರೆದಿದ್ದೆ. ಆರೋಗ್ಯ ಕೇಂದ್ರದ ನರ್ಸಮ್ಮ ಮೊದಮೊದಲು ಕೊಳೆತ ಶ್ವಾಸಕೋಶದ ಚಿತ್ರ ತಂದು ಗೋಡೆಗೆ ಅಂಟಿಸಿದರು. ಗಂಡಸರು ಅದಕ್ಕೇ ಸೈಕಲ್ ಒರಗಿಸಿ, ಅದರ ಕೆಳಗೇ ಕೂತು ಸೇದಿದರು. ಆಮೇಲೆ ಆ ಹೆಂಗಸಿಗೆ ಬುದ್ಧಿ ಓಡಿತು. ಚಿತ್ರ ಕಿತ್ತುಹಾಕಿ, ಮನೆಮನೆಗೆ ಬಂದು ಕೂತರು. ಯಾರಿಗೆ ನಿಜವಾಗಿ ಬಿಡಬೇಕೆಂದಿದೆಯೋ ಅವರನ್ನಷ್ಟೇ ಸೇರಿಸಿಕೊಂಡು ಇಬ್ಬಿಬ್ಬರ ಜೋಡಿ ಮಾಡಿದರು. ಆಸೆ ಕಾಡಿದರೆ ಜೋಡಿಯವನ ಬಾಗಿಲು ತಟ್ಟಬೇಕು. ಅವನು ಉಣ್ಣುತ್ತಿರಲಿ, ಗಡ್ಡ ಹೆರೆಯುತ್ತಿರಲಿ, ಎದ್ದು ಬಂದು ಜೊತೆಗೆ ಒಂದು ಸುತ್ತು ನಡೆಯಬೇಕು. ಅಷ್ಟೇ ನಿಯಮ. ಭಾನುವಾರ ಬೆಳಿಗ್ಗೆ ಎಲ್ಲರೂ ದರ್ಜಿಯ ಅಂಗಡಿಯಲ್ಲಿ ಸೇರಿ ಆ ವಾರ ಯಾರು ಎಡವಿದರು, ಯಾಕೆ ಎಡವಿದರು ಎಂದು ಮಾತಾಡುವುದು. ಬೈಯುವ ಹಾಗಿಲ್ಲ.

ಅಣ್ಣನಿಗೆ ಜೋಡಿಯಾದವನು ಲಾಂಡ್ರಿಯಲ್ಲಿ ದೊಡ್ಡ ಒಗೆಯುವ ಯಂತ್ರ ನೋಡಿಕೊಳ್ಳುವ ಉದ್ದಪ್ಪ. ಆಳಿನ ಉದ್ದಕ್ಕೆ ಬಿದ್ದ ಹೆಸರು ಅದು, ನಿಮಗೆ ಗೊತ್ತು. ಇಬ್ಬರೂ ಬೀದಿಯಲ್ಲಿ ಎಷ್ಟು ಸಲ ನಡೆದರೆಂದರೆ ನಾಯಿಗಳು ಅವರನ್ನು ನೋಡಿ ಬೊಗಳುವುದನ್ನೇ ಬಿಟ್ಟವು. ಅಣ್ಣ ಬೆಂಕಿಕಡ್ಡಿ ಕಚ್ಚಿಕಚ್ಚಿ ಒಸಡಿನಲ್ಲಿ ರಕ್ತ ಬರಿಸಿಕೊಂಡ. ಪಾತ್ರೆ ತೊಳೆದದ್ದನ್ನೇ ಮತ್ತೆ ತೊಳೆದ. ಒಂದು ಸಂಜೆ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ನೂಕಿದವನು, ಮರುಕ್ಷಣ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತ. ನಾನು ನೋಡಿಲ್ಲವೆಂದುಕೊಂಡಿದ್ದಾನೆ. ಅಷ್ಟೆಲ್ಲ ಪಟ್ಟ ಮೇಲೆ, ಒಂದು ಬೆಳಿಗ್ಗೆ ನೀರು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದು, ಏದುಸಿರು ಬರಲಿಲ್ಲ ಕಣೇ ಎಂದು ಚಿಕ್ಕ ಹುಡುಗನ ಹಾಗೆ ನಕ್ಕ. ಅವತ್ತೇ ನಿಮಗೆ ಬರೆದೆ.

ಬೀದಿಯ ಗಂಡಸರು ಹೆಚ್ಚು ಕಡಿಮೆ ಎಲ್ಲ ದುಡಿಯುವುದು ಲಾಂಡ್ರಿಯಲ್ಲೇ. ಹಾಗಾಗಿ ಅಲ್ಲಿನ ಗುಂಪು ನೋಡಿಕೊಳ್ಳುವ ಹೊಣೆ ನರ್ಸಮ್ಮ ನನಗೆ ಕೊಟ್ಟರು. ನಾನು ಇಸ್ತ್ರಿ ಮಾಡುವ ಹಾಲ್‌ನವಳು, ಸಿಗರೇಟಿನ ಗಂಧಗಾಳಿ ಇಲ್ಲದವಳು, ಬಾಯಿ ಸ್ವಲ್ಪ ಜೋರು. ಇಷ್ಟೇ ನನ್ನ ಯೋಗ್ಯತೆ. ಗಂಡಸರು ನನ್ನನ್ನು ಹೊಗೆ ಪೊಲೀಸ್ ಎಂದು ಕರೆದರು. ನನಗೂ ಒಳಗೊಳಗೇ ಸ್ವಲ್ಪ ಜಂಬ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನೀವು ಊಟದ ಡಬ್ಬಿ ತಂದು ಗೇಟಿನಿಂದಲೇ ಹಿಂದಿರುಗುತ್ತಿದ್ದವರು, ಒಳಗನ್ನು ನೋಡಿಲ್ಲ. ಆಸ್ಪತ್ರೆಯ ಹಾಸಿಗೆ ವಸ್ತ್ರ, ಹೋಟೆಲಿನ ಟವೆಲ್ಲು ಗಂಟುಗಂಟಾಗಿ ಬಂದು ಬೀಳುತ್ತವೆ. ಕೆಳಗೆ ಒಗೆಯುವ, ಹಿಂಡುವ ಯಂತ್ರಗಳು. ಮೂಲೆಯಲ್ಲಿ ಅಣ್ಣನ ಬಾಯ್ಲರ್ ಮನೆ. ಅದಕ್ಕೊಂದು ಕಬ್ಬಿಣದ ಬಾಗಿಲು, ತಲೆಯ ಮೇಲೆ ಅಂಗೈಯಗಲದ ಕಿಟಕಿ. ಮೇಲಿನ ಮಹಡಿಯಲ್ಲಿ ನಮ್ಮ ಇಸ್ತ್ರಿ ಹಾಲ್. ಇಬ್ಬರು ಒದ್ದೆ ಹಾಸು ಹಿಡಿದು ಬಿಸಿ ರೋಲರಿಗೆ ಕೊಡುತ್ತೇವೆ, ಆಚೆ ಬದಿಯಲ್ಲಿ ಇಬ್ಬರು ಎಳೆದು ಮಡಚುತ್ತಾರೆ. ಹಬೆ ಕಣ್ಣಿಗೆ, ಮೂಗಿಗೆ, ರವಿಕೆಯೊಳಗೆ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಎರಡು ಸಲ ತಲೆ ಸುತ್ತಿ ಕೂತಿದ್ದೆ.

ಅಲ್ಲಿ ಒಂದು ಪದ್ಧತಿ ಮೊದಲಿನಿಂದ ಇತ್ತು. ಬೆಳಿಗ್ಗೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ ಹಿಂದಿನ ಗೇಟು ತೆಗೆಯುತ್ತಿದ್ದರು. ಸೇದುವವರು ಹೊರಗೆ ಹೋಗಿ ತಗಡಿನ ಮಾಡಿನ ಕೆಳಗೆ ನಿಂತು ಸೇದಿ ಬರಬಹುದು. ಬಟ್ಟೆಗೆ ಕಿಡಿ ತಾಗಬಾರದೆಂದು ಹಳೆಯ ಯಜಮಾನರು ಮಾಡಿದ ಏರ್ಪಾಡು. ದಮ್ಮಿನ ಬಿಡುವು ಎಂದೇ ಅದರ ಹೆಸರು. ಹೆಂಗಸರಿಗೆ ಅದಿಲ್ಲ, ಯಾಕೆಂದರೆ ಹೆಂಗಸರು ಸೇದುವುದಿಲ್ಲ. ನಾವು ಒಮ್ಮೆಯೂ ಕೇಳಲಿಲ್ಲ ನೋಡಿ. ಗಂಡಸರು ಬೆವರು ಆರಿಸಿಕೊಂಡು ಬಂದರೆ ನಾವು ಹಬೆಯಲ್ಲಿ ನಿಂತು, ಪಾಪ ಚಟ, ಎಂದು ಅವರ ಬಗ್ಗೆಯೇ ಮರುಗುತ್ತಿದ್ದೆವು.

ಗುಂಪಿನಿಂದ ಲಾಂಡ್ರಿಯ ಗಂಡಸರು ಒಬ್ಬೊಬ್ಬರಾಗಿ ಬಿಟ್ಟರು. ಬಿಟ್ಟ ಮೇಲೂ ಗೇಟು ತೆಗೆದಾಗ ಹೊರಗೆ ಹೋಗಿ ನಿಂತು ಬರುತ್ತಿದ್ದರು. ಅಣ್ಣ ತಗಡಿನ ಕೆಳಗೆ ನಿಂತು ಬರೀ ಗಾಳಿ ಕುಡಿದು ಬರುತ್ತಿದ್ದ. ಆ ಹತ್ತು ನಿಮಿಷ ಇದ್ದದ್ದರಿಂದಲೇ ಅವನಿಗೆ ಬಿಡಲು ಆದದ್ದು ಎಂದು ಈಗ ಅನಿಸುತ್ತದೆ. ಅದು ಇದ್ದಾಗ ಹಾಗೆಂದು ಗೊತ್ತಿರಲಿಲ್ಲ.

ನರ್ಸಮ್ಮನಿಗೆ ಖುಷಿಯೋ ಖುಷಿ. ಮೇಲಿನ ಅಧಿಕಾರಿಯನ್ನು ಕರೆದುಕೊಂಡು ಬಂದರು. ತಂಬಾಕುಮುಕ್ತ ಕೆಲಸದ ಜಾಗ ಎಂದು ಚಿನ್ನದ ಅಂಚಿನ ಸರ್ಟಿಫಿಕೇಟು, ಅದಕ್ಕೊಂದು ಗಾಜಿನ ಚೌಕಟ್ಟು. ಈಗಿನ ಯಜಮಾನರು ಅದನ್ನು ಎದೆಗವುಚಿಕೊಂಡು ಫೋಟೋ ತೆಗೆಸಿಕೊಂಡರು. ತಾವೇ ಬಿಟ್ಟವರ ಹಾಗೆ ಭಾಷಣ ಮಾಡಿದರು. ಅಣ್ಣನನ್ನು ಮುಂದೆ ಕರೆದು ಬೆನ್ನು ತಟ್ಟಿದರು. ನಾವೆಲ್ಲ ಕೈ ನೋಯುವಷ್ಟು ಚಪ್ಪಾಳೆ ಹೊಡೆದೆವು.

ಸೋಮವಾರ ಬೆಳಿಗ್ಗೆ ಹಿಂದಿನ ಗೇಟಿಗೆ ಬೀಗ.

ಏನೋ ಮರೆತಿರಬೇಕೆಂದುಕೊಂಡೆವು. ಉದ್ದಪ್ಪ ಹೋಗಿ ಮ್ಯಾನೇಜರನ್ನು ಕೇಳಿದ. ಸೇದುವವರೇ ಇಲ್ಲವಲ್ಲ, ಇನ್ನು ದಮ್ಮಿನ ಬಿಡುವು ಯಾರಿಗೆ ಎಂದು ಆ ಮನುಷ್ಯ ನಿಜವಾಗಿ ಆಶ್ಚರ್ಯಪಟ್ಟು ಕೇಳಿದನಂತೆ. ಕುಹಕವಲ್ಲ, ಅತ್ತಿಗೆ. ಅವನಿಗೆ ಅದು ಲೆಕ್ಕಕ್ಕೆ ಸರಿಯಾಗಿಯೇ ಕಂಡಿತ್ತು.

ಗಂಡಸರ ಸಿಟ್ಟೆಲ್ಲ ತಿರುಗಿದ್ದು ಯಾರ ಮೇಲೆ? ಯಜಮಾನರ ಮೇಲಲ್ಲ, ಮ್ಯಾನೇಜರನ ಮೇಲಲ್ಲ, ನನ್ನ ಮೇಲೆ. ಹಿಂಡುವ ಯಂತ್ರದವನು ನನ್ನನ್ನು ಮೆಟ್ಟಿಲಲ್ಲಿ ಅಡ್ಡ ಹಾಕಿ, ನಿಮ್ಮ ಉದ್ಧಾರದ ಕೆಲಸದಿಂದ ನಮಗಿದ್ದ ಒಂದೇ ಒಂದು ಸುಖವೂ ಹೋಯಿತು ಎಂದ. ಮರುದಿನ ನಾನೇ ಮ್ಯಾನೇಜರನ ಕೋಣೆಗೆ ಹೋದೆ. ಸಿಗರೇಟಿಗೆ ಬೇಡ, ನೀರು ಕುಡಿಯಲು ಹತ್ತು ನಿಮಿಷ ಕೊಡಿ, ಹೆಂಗಸರಿಗೂ ಕೊಡಿ ಎಂದು ಕೇಳಿದೆ. ಅವನು ಪೆನ್ನು ಕೆಳಗಿಟ್ಟು ತಾಳ್ಮೆಯಿಂದ ಹೇಳಿದ ಮಾತು ಇದು:

"ಚಟ ಇದ್ದೋರಿಗೆ ಕರುಣೆ ತೋರಿಸ್ತಿದ್ವಿ ಕಣಮ್ಮ. ಆರೋಗ್ಯವಾಗಿರೋರಿಗೆ ಯಾತಕ್ಕೆ ಕರುಣೆ?"

ಅವನ ತಲೆಯ ಮೇಲೆ ಗೋಡೆಯಲ್ಲಿ ಆ ಸರ್ಟಿಫಿಕೇಟು ಹೊಳೆಯುತ್ತಿತ್ತು. ನರ್ಸಮ್ಮನಿಗೆ ಹೇಳಿದೆ. ಅವರು ಪಾಪ ಅಧಿಕಾರಿಯ ಹತ್ತಿರ ಓಡಿದರು. ತಂಬಾಕು ತಮ್ಮ ಇಲಾಖೆ, ಬಿಡುವು ತಮ್ಮ ಇಲಾಖೆಯಲ್ಲ ಎಂಬ ಉತ್ತರ ಬಂತು. ಬಿಡುವಿನ ಇಲಾಖೆ ಯಾವುದೆಂದು ಹುಡುಕುವುದರಲ್ಲಿ ನರ್ಸಮ್ಮನ ಚಪ್ಪಲಿ ಸವೆಯಿತು.

ಮೊದಲು ಬಿದ್ದವನು ಉದ್ದಪ್ಪ. ನಾನು ಮತ್ತೆ ಸೇದುತ್ತಿದ್ದೇನೆ, ತಡೆಯಲು ಆಗುವುದಿಲ್ಲ, ಒಳಗೇ ಹಚ್ಚಿದರೆ ಬಟ್ಟೆಗೆ ಕಿಡಿ ತಾಗೀತು ಎಂದು ಮ್ಯಾನೇಜರನಿಗೆ ಹೋಗಿ ಹೇಳಿದ. ಬೆಂಕಿಯ ಮಾತು ಬಂದ ತಕ್ಷಣ ಅವನಿಗೆ ಬಿಡುವು ಸಿಕ್ಕಿತು. ಬಟ್ಟೆಯ ಗಂಟಿಗೆ ಕಟ್ಟುವ ಹಿತ್ತಾಳೆ ಬಿಲ್ಲೆ ಇರುತ್ತದಲ್ಲ, ಅಂಥದೊಂದನ್ನು ಅವನಿಗೆ ಕೊಟ್ಟರು. ಬಿಲ್ಲೆ ತೋರಿಸಿದರೆ ವಾಚ್‌ಮನ್ ಗೇಟು ತೆಗೆಯಬೇಕು. ಸರ್ಟಿಫಿಕೇಟಿಗೂ ಭಂಗವಿಲ್ಲ, ತಗಡಿನ ಮಾಡು ಗೋಡೆಯಿಂದ ಆಚೆ ಇದೆಯಲ್ಲ. ವಾರ ಕಳೆಯುವುದರಲ್ಲಿ ಬಿಲ್ಲೆಯವರು ಒಂದು ಗುಂಪಾದರು. ವಾಚ್‌ಮನ್ ನಮ್ಮ ಗುಂಪಿಗೆ ಸೇರಿಯೇ ಸಿಗರೇಟು ಬಿಟ್ಟವನು. ಗೇಟು ತೆಗೆಯುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಅಣ್ಣ ಬಿಲ್ಲೆ ಕೇಳಲಿಲ್ಲ. ಇದನ್ನು ನೀವು ಗಮನವಿಟ್ಟು ಓದಬೇಕು. ಜೋಡಿಯವನೇ ಗುಂಪು ಬಿಟ್ಟುಹೋದ ಮೇಲೂ ಅವನು ಕೇಳಲಿಲ್ಲ. ಬಾಯ್ಲರ್ ಮನೆಯಲ್ಲಿ ಬಿಡುವಿಲ್ಲದೆ ನಿಂತ. ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡ. ಅಂಗೈಯಗಲದ ಕಿಟಕಿಯ ಕೆಳಗೆ ದೊಡ್ಡ ಡಬ್ಬ ಇಟ್ಟು, ಅದರ ಮೇಲೆ ಹತ್ತಿ, ಮೂಗು ಕಂಬಿಗೆ ಒತ್ತಿ ಉಸಿರಾಡಿದ. ಮನೆಗೆ ಬಂದರೆ ಪುಟ್ಟಿಯ ಹಳೆಯ ಫ್ರಾಕು ಕೈಯಲ್ಲಿ ಹಿಡಿದು ಕೂರುತ್ತಿದ್ದ. ಕೆಲಸ ಬಿಟ್ಟುಬಿಡು, ಬೇರೆ ಹುಡುಕೋಣ ಎಂದರೆ, ಈ ವಯಸ್ಸಿನ ಬಾಯ್ಲರಿನವನನ್ನು ಯಾರು ಕರೆಯುತ್ತಾರೆ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನಮ್ಮ ರೋಲರ್ ತಣ್ಣಗಾಯಿತು. ಹಬೆ ಬರುತ್ತಿಲ್ಲವೆಂದು ಕೆಳಗೆ ಕೂಗಿದರೆ ಉತ್ತರವಿಲ್ಲ. ನಾನು ಇಳಿದು ಹೋದೆ. ಅಣ್ಣ ನೆಲದ ಮೇಲೆ ಬಿದ್ದಿದ್ದ, ಮುಂಗೈ ಬಿಸಿ ಕೊಳವೆಗೆ ತಾಗಿಕೊಂಡಿತ್ತು. ಚರ್ಮ ಕೊಳವೆಗೆ ಅಂಟಿತ್ತು, ಅತ್ತಿಗೆ. ನೀರು ಚಿಮುಕಿಸಿ, ಹೊರಗೆ ಎಳೆದು ತಂದು ತಗಡಿನ ಮಾಡಿನ ಕೆಳಗೆ ಮಲಗಿಸಿದೆವು. ಬೀಗ ಆಗ ತೆಗೆದರು. ಬಿದ್ದವನಿಗೆ ತೆಗೆಯುತ್ತಾರೆ. ಆ ಗಾಯದ ಗುರುತನ್ನು ನೀವು ಬಂದಾಗ ನೋಡುತ್ತೀರಿ. ಅಡುಗೆ ಮಾಡುವಾಗ ಸುಟ್ಟಿತು ಎಂದು ಹೇಳುವುದಾಗಿ ನನ್ನ ಹತ್ತಿರ ಈಗಲೇ ಹೇಳಿಟ್ಟಿದ್ದಾನೆ. ಅವನು ಹಾಗೆಂದರೆ ಹೂಂ ಎಂದುಬಿಡಿ.

ಪಟ್ಟಿ ಕಟ್ಟಿಸಿಕೊಂಡು ಕೆಲಸಕ್ಕೆ ಮರಳಿದ ದಿನ ಅಣ್ಣ ಬಿಲ್ಲೆ ತೆಗೆದುಕೊಂಡ. ನಾನು ಅವನ ಮೇಲೆ ಕೂಗಾಡಿದೆ. ಇಷ್ಟು ತಿಂಗಳ ಕಷ್ಟ ನೀರಿಗೆ ಹಾಕಿದೆಯಲ್ಲ ಎಂದೆ, ಅತ್ತಿಗೆಗೆ ಯಾವ ಮುಖ ತೋರಿಸುತ್ತೀಯ ಎಂದೆ. ಅವನು ಹೇಳಿದ:

"ಗಾಳಿ ಬೇಕು ಅಂದ್ರೆ ಹೊಗೆ ಕುಡೀಬೇಕು ಅಂತ ಮಾಡಿಟ್ಟಿದಾರೆ. ನಾನೇನ್ ಮಾಡ್ಲಿ, ನೀನೇ ಹೇಳು."

ಮೊದಲಿಗೆ ಹಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಿದ್ದನಂತೆ, ಬಾಯಿಗಿಡದೆ. ವರ್ಷಗಟ್ಟಲೆ ಸೇದಿದವನ ಕೈಯಲ್ಲಿ ಉರಿಯುವ ಸಿಗರೇಟು ಎಷ್ಟು ದಿನ ಸುಮ್ಮನೆ ಉರಿದೀತು? ಅವನು ಮತ್ತೆ ಸೇದಿದ. ನಾನು ನಿಮಗೆ ಬರೆಯಲಿಲ್ಲ.

ಅವನ ಮಾತು ನನ್ನೊಳಗೆ ಮುಳ್ಳಿನ ಹಾಗೆ ಉಳಿಯಿತು. ಇಸ್ತ್ರಿ ಹಾಲ್‌ನ ಹೆಂಗಸರನ್ನೆಲ್ಲ ಕರೆದುಕೊಂಡು ಮ್ಯಾನೇಜರನ ಕೋಣೆಗೆ ಹೋದೆ. ನಮಗೂ ಬಿಲ್ಲೆ ಕೊಡಿ ಎಂದೆ. ಅವನು ನಕ್ಕ. ನೀವೆಲ್ಲ ಯಾವಾಗಿನಿಂದ ಸೇದುತ್ತೀರಿ ಎಂದ. ಇವತ್ತಿನಿಂದ ಎಂದು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಸಿಗರೇಟು ತೆಗೆದು ಅವನ ಮೇಜಿನೆದುರೇ ಹಚ್ಚಿದೆ. ಒಂದು ದಮ್ಮು ಎಳೆದದ್ದಕ್ಕೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಯಿತು. ನನ್ನ ಹಿಂದೆ, ಮಡಚುವ ಮೇಜಿನ ದೊಡ್ಡಮ್ಮ, ಮೊಮ್ಮಕ್ಕಳನ್ನು ಕಂಡವರು, ಹೊಗೆ ಬಂದರೆ ಮೂಗು ಮುಚ್ಚಿಕೊಳ್ಳುವವರು, ತಾವೂ ಒಂದು ಹಚ್ಚಿದರು. ತಿರುಗುಮುರುಗಾಗಿ ಹಿಡಿದು ತುಟಿ ಸುಟ್ಟುಕೊಂಡರು. ಯಾರಿಗೂ ನಗು ಬರಲಿಲ್ಲ. ಕೋಣೆಯ ತುಂಬ ಹೊಗೆ, ಅದರ ನಡುವೆ ಸರ್ಟಿಫಿಕೇಟು.

ಅವನು ನಾಚುತ್ತಾನೆ, ಎಲ್ಲರಿಗೂ ಬಿಡುವು ಕೊಡುತ್ತಾನೆ ಎಂದು ನಾನು ಎಣಿಸಿದ್ದೆ. ಅವನು ಏನು ಮಾಡಿದ ಗೊತ್ತೇ? ನಮಗೂ ಬಿಲ್ಲೆ ಕೊಟ್ಟ! ಆದರೆ ಮೋಸ ಮಾಡುವ ಹಾಗಿಲ್ಲ, ಕೈಯಲ್ಲಿ ಉರಿಯುವ ಸಿಗರೇಟು ಇದ್ದವರಿಗಷ್ಟೇ ಹೊರಗೆ ನಿಲ್ಲಲು ಅವಕಾಶ ಎಂದು ವಾಚ್‌ಮನ್‌ಗೆ ಅಪ್ಪಣೆ ಮಾಡಿದ. ಜೀವಮಾನದಲ್ಲಿ ಸಿಗರೇಟು ಮುಟ್ಟದ ಹೆಂಗಸರು ದಿನಕ್ಕೆ ಎರಡು ಸಲ ತಗಡಿನ ಮಾಡಿನ ಕೆಳಗೆ ಸಾಲಾಗಿ ನಿಂತು, ಒಂದೊಂದು ಸಿಗರೇಟು ಉರಿಸುತ್ತಾ ಗಾಳಿ ತೆಗೆದುಕೊಂಡೆವು. ಆರಿಹೋದರೆ ಒಳಗೆ. ಪಾಪ, ಆ ವಾಚ್‌ಮನ್ ತಾನೇ ಕಡ್ಡಿ ಗೀರಿ ಹಚ್ಚಿಕೊಡುತ್ತಿದ್ದ. ಕೆಲವರು ಆರದಿರಲೆಂದು ಆಗಾಗ ಬಾಯಿಗಿಟ್ಟು ಎಳೆಯುತ್ತಿದ್ದರು. ಮನೆಗೆ ಬಂದು ಸೋಪು ಹಚ್ಚಿ ಹಚ್ಚಿ ಕೈ ತೊಳೆಯುತ್ತಿದ್ದೆವು. ಗುಂಪಿನ ಮುಂದಾಳು ನಾನು. ಇದನ್ನು ನರ್ಸಮ್ಮನಿಗೆ ಹೇಳಿದಾಗ ಅವರು ಬೈಯಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು.

ಕೊನೆಗೆ ಗೇಟು ತೆಗೆಸಿದ್ದು ನಮ್ಮ ಬಾಯಿಯಲ್ಲ, ಆಸ್ಪತ್ರೆಯವರ ಮೂಗು. ನಮ್ಮ ಕೈಯಿಂದ ಮಡಚಿಹೋದ ಹಾಸುಗಳಿಗೆ ಸಿಗರೇಟಿನ ವಾಸನೆ ಅಂಟಿತ್ತು. ಹೆರಿಗೆಯ ವಾರ್ಡಿನಲ್ಲಿ ಬಾಣಂತಿಯರು ಹೊಟ್ಟೆ ತೊಳಸುತ್ತದೆಂದು ಹಾಸು ಕಿತ್ತೆಸೆದರಂತೆ. ಅಲ್ಲಿಯ ಮೇಟ್ರನ್ ಇಡೀ ಲಾರಿಯನ್ನು ವಾಪಸು ಕಳಿಸಿದರು. ಯಜಮಾನರು ಎಂದೂ ಮೆಟ್ಟಿಲು ಹತ್ತದವರು ಓಡಿ ಬಂದು, ಒಂದೊಂದೇ ಹಾಸು ಮೂಸಿ ನೋಡಿದರು. ಆಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸಿ ನಮ್ಮ ಕೈ ಮೂಸಿದರು. ದೊಡ್ಡಮ್ಮನ ಕೈಯನ್ನೂ ಮೂಸಿದರು. ನನ್ನ ಸರದಿ ಬಂದಾಗ ಏನಿದು ಎಂದು ಕೇಳಿದರು. ನಾನೆಂದೆ:

"ಸರ್, ನಮಗೆ ಬಿಡುವು ಬೇಕಿತ್ತು. ನೀವು ಬಿಡುವಿಗೆ ಸಿಗರೇಟು ಕೇಳಿದ್ರಿ."

ಅವರಿಗೆ ಈ ಬಿಲ್ಲೆಯ ಏರ್ಪಾಡು ಗೊತ್ತೇ ಇರಲಿಲ್ಲವಂತೆ. ಮ್ಯಾನೇಜರನ ಮುಖ ನೋಡಿದರು. ಮರುದಿನವೇ ಬಿಲ್ಲೆಗಳನ್ನೆಲ್ಲ ವಾಪಸು ತೆಗೆದುಕೊಂಡರು. ಈಗ ಬೆಳಿಗ್ಗೆ ಒಮ್ಮೆ, ನಾಲ್ಕಕ್ಕೆ ಒಮ್ಮೆ ಗಂಟೆ ಹೊಡೆಯುತ್ತದೆ. ಗಂಡಸರು, ಹೆಂಗಸರು, ಸೇದುವವರು, ಸೇದದವರು ಎಲ್ಲರೂ ಹೊರಗೆ ಬರಬಹುದು. ನಲ್ಲಿಯ ಹತ್ತಿರ ಸೋಪು ಇಟ್ಟಿದ್ದಾರೆ. ಅಣ್ಣನ ಬಾಯ್ಲರ್ ಮನೆಗೆ ಒಂದು ಫ್ಯಾನು ಬಂದಿದೆ. ನಮ್ಮ ಆರೋಗ್ಯ ಕೆಡುವಾಗ ಏಳದ ಯಜಮಾನರು ಬಟ್ಟೆ ಕೆಟ್ಟಾಗ ಎದ್ದರು. ಗೆದ್ದೆವೆಂದು ಕುಣಿಯಬೇಕಿತ್ತು, ಅಲ್ಲವೇ? ನನಗೆ ಅವತ್ತು ಮನೆಗೆ ಬಂದು ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸಿತು.

ಯಾಕೆಂದರೆ ಗೇಟು ತೆಗೆದ ಮಾತ್ರಕ್ಕೆ ಹೋದದ್ದು ವಾಪಸು ಬರಲಿಲ್ಲ. ಬಿಟ್ಟಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಈಗಲೂ ಆ ತಗಡಿನ ಕೆಳಗೆ ನಿಂತು ಹಚ್ಚುತ್ತಾರೆ. ಉದ್ದಪ್ಪನನ್ನು ಮತ್ತೆ ಗುಂಪಿಗೆ ಕರೆದೆ. ಒಂದು ಸಲ ಸತ್ತು ಬದುಕಿದ್ದೇನೆ, ಇನ್ನೊಂದು ಸಲ ಸಾಯಲು ನನ್ನಿಂದಾಗದು ಎಂದ. ನರ್ಸಮ್ಮನನ್ನು ಬೇರೆ ಬಡಾವಣೆಗೆ ಹಾಕಿದ್ದಾರೆ. ಇನ್ನೊಮ್ಮೆ ನಮ್ಮ ಬೀದಿಯಲ್ಲಿ ಶುರು ಮಾಡಿಸಿ ಎಂದು ಅವರು ಮೇಲೆ ಕೇಳಿದರಂತೆ. ಆ ಬೀದಿಯ ಕೆಲಸ ಮುಗಿದಿದೆ, ಯಶಸ್ವಿ ಎಂದು ವರದಿ ಹೋಗಿದೆ, ಮುಗಿದ ಬೀದಿಗೆ ಮತ್ತೆ ಹೋಗುವ ಹಾಗಿಲ್ಲ ಎಂದರಂತೆ. ಹಾಗಾಗಿ ನಾವು ಯಶಸ್ವಿ ಬೀದಿಯವರು. ಕೆಮ್ಮುತ್ತಾ ಇದ್ದೇವೆ.

ಆದರೂ ದರ್ಜಿ ತನ್ನ ಅಂಗಡಿಯನ್ನು ಭಾನುವಾರ ನಮಗೆ ತೆಗೆದುಕೊಡುತ್ತಾನೆ. ಯಾರೂ ಹೇಳದೆ, ಯಾರೂ ಕರೆಯದೆ ಮೊದಲು ಬಂದು ಕೂತವನು ಅಣ್ಣ. ಗಂಟೆ ಶುರುವಾದ ವಾರವೇ ಮತ್ತೆ ಬಿಟ್ಟ. ನಡುವೆ ಒಮ್ಮೆ ಜಾರಿದ. ಭಾನುವಾರ ಎಲ್ಲರೆದುರು ಹೇಳಿಕೊಂಡ, ಮತ್ತೆ ಹಿಡಿತಕ್ಕೆ ಬಂದ. ಈ ಸಲ ಬೆಂಕಿಕಡ್ಡಿ ಕಚ್ಚುತ್ತಿಲ್ಲ, ತಟ್ಟೆ ನೂಕುತ್ತಿಲ್ಲ. ಅವನಿಗೆ ಗುಂಪಿನಲ್ಲಿ ಬೇರೆ ಜೋಡಿ ಸಿಕ್ಕಿದೆ, ಆ ಜೋಡಿಯನ್ನು ಕರೆದುಕೊಂಡು ನಡೆಯುತ್ತಾನೆ. ಎಷ್ಟು ಹೊತ್ತಿನಲ್ಲಿ ಬಾಗಿಲು ತಟ್ಟಿದರೂ ಗೊಣಗುವುದಿಲ್ಲ. ನಾಳೆಯ ಮಾತನ್ನು ನಾನು ಕೊಡಲಾರೆ. ಹಿಂದೆ ಕೊಟ್ಟು ಬುದ್ಧಿ ಬಂದಿದೆ. ಇವತ್ತು ಅವನು ಸೇದಿಲ್ಲ. ಅಷ್ಟು ಮಾತ್ರ ನಾನು ಕಣ್ಣಾರೆ ಕಂಡು ಹೇಳಬಲ್ಲೆ.

ಬನ್ನಿ ಎಂದು ಬರೆಯಲು ನನಗೆ ಅಧಿಕಾರವಿಲ್ಲ. ಪುಟ್ಟಿಯ ಉಸಿರು ನಿಮ್ಮ ಹೊಣೆ, ನನ್ನ ಅಣ್ಣನ ಮೇಲಿನ ಮರುಕ ಅದಕ್ಕಿಂತ ದೊಡ್ಡದಲ್ಲ. ಆದರೆ ಅವನು ಬೇಕೆಂದೇ ಮತ್ತೆ ಸಿಗರೇಟು ಹಿಡಿದನೆಂದು ತಿಳಿದು ಬಾರದಿರಬೇಡಿ. ಪರದೆಗಳನ್ನು ಒಗೆದಿದ್ದೇನೆ, ದಿಂಬುಗಳನ್ನು ಬಿಸಿಲಿಗೆ ಹಾಕಿದ್ದೇನೆ, ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಹಾಗಿದ್ದೂ ಮನೆಯಲ್ಲಿ ಎಲ್ಲಾದರೂ ಸ್ವಲ್ಪ ವಾಸನೆ ಬಂದರೆ, ಹಳೆಯ ಗೋಡೆ, ವರ್ಷಗಳ ಹೊಗೆ ಹೀರಿಕೊಂಡಿದೆ ಎಂದು ತಿಳಿದುಕೊಳ್ಳಿ.

ಪುಟ್ಟಿಗೆ ಈಗ ಎಷ್ಟು ಉದ್ದ ಕೂದಲು ಬಂದಿದೆ ಬರೆಯಿರಿ. ರಿಬ್ಬನ್ ತಂದಿಡುತ್ತೇನೆ. ನಿಮ್ಮ ಅಮ್ಮನವರ ಮೊಣಕಾಲು ನೋವು ವಾಸಿಯಾಯಿತೇ? ಅವರಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಮೇಲೆ ಸಿಟ್ಟಿದ್ದರೆ ಬೈದಾದರೂ ಎರಡು ಸಾಲು ಬರೆಯಿರಿ, ಸುಮ್ಮನಿರಬೇಡಿ.

ಇತಿ,
ನಿಮ್ಮ ಜೋರು ಬಾಯಿಯ
ನಾದಿನಿ

ಮಡಚಿದ ಮೇಲೆ ಬಿಚ್ಚಿ ಬರೆದದ್ದು: ಗೋಡೆಯ ಮಾತು ಸುಳ್ಳು, ಅತ್ತಿಗೆ. ಗೋಡೆಯಲ್ಲಿ ಏನೂ ಇಲ್ಲ. ಆರದಿರಲೆಂದು ಬಾಯಿಗಿಟ್ಟು ಎಳೆಯುತ್ತಿದ್ದ ಹೆಂಗಸರಲ್ಲಿ ನಾನೂ ಒಬ್ಬಳು. ಬಿಲ್ಲೆ ವಾಪಸು ಕೊಟ್ಟೆ, ಸಿಗರೇಟು ಮಾತ್ರ ಬಿಡಲಿಲ್ಲ. ಉಳಿದವರಿಗೆಲ್ಲ ಅಲ್ಲಿಗೇ ಮುಗಿಯಿತು, ನನಗೆ ಅಂಟಿಕೊಂಡಿತು. ಹೋದ ಭಾನುವಾರ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಸೇದುತ್ತಿದ್ದೆ, ಅಣ್ಣ ಬಂದ. ಬೈಯಲಿಲ್ಲ. ಪಕ್ಕದಲ್ಲಿ ಕೂತು, ಏಳು, ಒಂದು ಸುತ್ತು ನಡೆದು ಬರೋಣ ಎಂದ. ಗುಂಪಿನಲ್ಲಿ ಅವನ ಹೊಸ ಜೋಡಿ ನಾನೇ. ನೀವು ಬಂದಾಗ ವಾಸನೆ ಬಂದರೆ ತನ್ನದೇ ಎಂದು ಹೇಳುತ್ತಾನಂತೆ. ತಾನು ಸೇದುವುದು ನಿಮಗೆ ಹೊಸ ಸುದ್ದಿಯಲ್ಲ, ತಂಗಿಯ ಹೆಸರು ಯಾಕೆ ಕೆಡಬೇಕು ಎನ್ನುತ್ತಾನೆ. ಹಾಗೆ ಹೇಳಿದರೆ ನೀವು ಮತ್ತೆ ಹೊರಟುಬಿಡುತ್ತೀರೆಂದು ಅವನಿಗೆ ಚೆನ್ನಾಗಿ ಗೊತ್ತು. ಅವನು ಏನೇ ಹೇಳಲಿ, ನಂಬಬೇಡಿ.